ಸೂಚನೆ ಬರೆಯುವ ಸುಮಂಗಲಾ
ಗಾಂಧಿನಗರದ ಸುಮಂಗಲಾ, ಮನೆಗಳ ದೀಪ, ಫ್ಯಾನು, ಬೀಗಗಳನ್ನು ಎಐ ಹೇಗೆ ನಡೆಸಬೇಕೆಂದು ಸೂಚನೆ ಬರೆಯುವವಳು. ಬರೆದೂ ಬರೆದೂ ಅವಳ ಮಾತೂ ಹಾಗೇ ಆಗಿಬಿಟ್ಟಿದೆ. ಗಂಡ ಸುಭಾಷ್ “ಫ್ಯಾನ್ ಹಾಕು” ಎಂದರೆ, “ಯಾವ ರೂಮಿಂದು, ಎಷ್ಟು ಸ್ಪೀಡು, ಎಷ್ಟೊತ್ತನಕ? ಅರ್ಧಮರ್ಧ ಹೇಳಿದ್ರ ಅದು ತನಗ ತಿಳಿದಂಗ ಮಾಡ್ತೈತಿ” ಎನ್ನುತ್ತಾಳೆ. “ನಾ ಅದಕ್ಕಲ್ಲ, ನಿನಗ ಹೇಳಾಕತ್ತೀನಿ” ಎಂದು ಅವನೇ ಎದ್ದು ಹಾಕಿಕೊಳ್ಳುತ್ತಾನೆ. ಉಪ್ಪಿನ ಡಬ್ಬಿಯ ಮೇಲೂ ‘ಇದು ಸಕ್ಕರೆ ಅಲ್ಲ, ಚಹಾಕ್ಕೆ ಹಾಕಬೇಡಿ’ ಎಂಬ ಚೀಟಿಯಿದೆ. ಬಾಗಿಲಿನ ಬೀಗದ ಬಗ್ಗೆಯಂತೂ ಅವಳು ಬಲು ಬಿಗಿ: ಯಾರೇ ಬರಲಿ, ಮನೆಯವರನ್ನು ಕೇಳದೆ ತೆರೆಯಬಾರದು. ತನ್ನ ಮನೆಯ ಸೂಚನೆಗೆ ಮಾತ್ರ ಒಂದು ಸಾಲು ಹೆಚ್ಚು ಸೇರಿಸಿದ್ದಾಳೆ: ‘ಕರೂರಿನಿಂದ ನಮ್ಮವ್ವ ಉಚ್ಚೆಂಗೆಮ್ಮ ಬಂದರೆ ಯಾರನ್ನೂ ಕೇಳಬೇಡ, ಕೂಡಲೇ ತೆರೆ. ಗದ್ದೆಯಲ್ಲಿ ದುಡಿಸಿಕೊಂಡವರ ಹೊಸ್ತಿಲ ಹೊರಗೆ ಆಕೆ ಇಷ್ಟು ವರ್ಷ ನಿಂತದ್ದು ಸಾಕು.’