ಹಾರ ಹಾಕಿಸಿಕೊಂಡ ಫ್ರಿಜ್ಜು

ಆಯುಧಪೂಜೆಯ ಆ ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಿಸಿಟ್ಟು, ಎಂಟನೇ ಕ್ರಾಸಿಗೆ ಹೋಗಿ ಬೂದುಗುಂಬಳ, ಚೆಂಡುಹೂ ತಂದೆ. ಮನಸ್ಸು ಮಾತ್ರ ಅಡುಗೆಮನೆಯ ಫ್ರಿಜ್ಜಿನೊಳಗೇ ಇತ್ತು.

ಅಲ್ಲಿ ಕಾಲುಬಾಯಿ ಜ್ವರದ ಲಸಿಕೆ ಇಟ್ಟಿದ್ದೆ. ತೊಂಬತ್ತರ ದಶಕದ ಆ ಕೆಲವು ವರ್ಷ, ನಿವೃತ್ತ ಪಶುವೈದ್ಯರೊಬ್ಬರ ಜೊತೆ ಮಲ್ಲೇಶ್ವರದ ನಾವು ಕೆಲವರು ಬಸ್ಸು ಹತ್ತದ ಬೆಟ್ಟದ ಹಳ್ಳಿಯೊಂದಕ್ಕೆ ದನಗಳ ಆರೈಕೆಗೆ ಹೋಗುತ್ತಿದ್ದೆವು. ಸೂಜಿ ಹಾಕುವುದು ಡಾಕ್ಟರು; ದನದ ಕೊರಳಡಿಯ ಗಂಗೆದೊಗಲು ಸವರುತ್ತ ನಿಲ್ಲುವುದು ನನ್ನ ಕೆಲಸ. ಹಿಂದಿನ ಸಲ, ಬಾಯಿ ಹುಣ್ಣಾಗಿ ಮೇವು ಬಿಟ್ಟ ಹಸುವಿನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಕೇಳಿದ್ದಳು: "ಹಬ್ಬ ಕಳೆದು ಬತ್ತೀವಿ ಅಂದ್ರಲ್ಲ, ದಿಟವಾ? ಕಾಡಿಂದ ದನ ಇಳಿಸಿ ಕೂಡಾಕೋದು ಸುಮ್ನೆ ಅಲ್ಲ ಕಣವ್ವ." ದಿಟ ಎಂದು ಮಾತು ಕೊಟ್ಟವಳು ನಾನೇ. ಪೂಜೆಯ ಮರುದಿನ ಬೆಳಿಗ್ಗೆಯೇ ಜೀಪು ಹೊರಡುವುದಿತ್ತು.

ಲಸಿಕೆಗೆ ತಂಪು ತಪ್ಪಬಾರದು. ಹಾಗಾಗಿ ಮೊಸರು, ತರಕಾರಿಯೆಲ್ಲ ಹಿಂದಿನ ದಿನವೇ ಹೊರಗಿಟ್ಟು, 'ಬಾಗಿಲು ತೆಗೆಯಬೇಡಿ' ಎಂದು ಕಾನ್ವೆಂಟಿನಲ್ಲಿ ತಿದ್ದಿಸಿದ ದುಂಡು ಕೈಬರಹದಲ್ಲಿ ಚೀಟಿ ಅಂಟಿಸಿದ್ದೆ. ಅತ್ತೆ ಓದಿ, "ದನದ ಔಷಧಿಗೋಸ್ಕರ ನನ್ ಮೊಸರು ಬೀದಿಪಾಲಾಯ್ತು" ಎಂದು ನಕ್ಕಿದ್ದರು.

ನಾನು ಹೂ ತಗೊಂಡು ಬರುವಷ್ಟರಲ್ಲಿ ಅತ್ತೆ ಹೊಲಿಗೆಯಂತ್ರ, ಮಿಕ್ಸಿ, ಫ್ರಿಜ್ಜು ಎಲ್ಲ ಒರೆಸಿ ಕುಂಕುಮ ಇಟ್ಟಿದ್ದರು. ನಾನು ಹಾರ ಕಟ್ಟಿಕೊಟ್ಟೆ.

ಕೂತಲ್ಲಿ ಕೂರಲಾಗಲಿಲ್ಲ. ಕರೆಂಟು ಹೋದರೆ? ಪಾಯಸ ತಿರುವುತ್ತಿದ್ದವಳು ಎದ್ದು ಲೈಟಿನ ಸ್ವಿಚ್ಚು ಒತ್ತಿ ನೋಡಿದೆ. ಹತ್ತಿತು, ಸದ್ಯ. ನೆಂಟರಿಗೆ ಎಲೆ ಹಾಕುವ ಗಲಾಟೆಯಲ್ಲೂ ಮತ್ತೆ ಹೋಗಿ ಒತ್ತಿದೆ.

"ದೀಪಾವಳಿ ಇನ್ನೂ ದೂರ ಇದೆ ಕಣೆ" ಎಂದರು ಅತ್ತೆ.

ಸಂಜೆ ಡಾಕ್ಟರು ಐಸ್ ತುಂಬಿದ ಡಬ್ಬ ಹಿಡಿದು ಬಂದರು. ಹಾರ ಸರಿಸಿ ಫ್ರಿಜ್ಜಿನ ಬಾಗಿಲು ತೆಗೆದೆ. ಒಳಗೆ ದೀಪ ಹತ್ತಲಿಲ್ಲ. ಡಾಕ್ಟರು ಒಂದು ಸೀಸೆಯನ್ನು ಅಂಗೈಯಲ್ಲಿ ಹಿಡಿದರು.

"ಬೆಚ್ಚಗಿದೆಯಮ್ಮ."

"ಬೆಳಗ್ಗೆ ಒರೆಸುವಾಗ ನಾನೇ ಸ್ವಿಚ್ಚು ಆರಿಸ್ದೆ" ಎಂದರು ಅತ್ತೆ, ಬಾಗಿಲಲ್ಲಿ ನಿಂತು. "ವರ್ಷವೆಲ್ಲ ದುಡಿಯತ್ತೆ, ಪೂಜೆ ದಿನ ಒಂದಿಷ್ಟು ಸುಮ್ನಿರ್ಲಿ ಅಂತ. ಬಾಗಿಲು ತೆಗೀಬೇಡಿ ಅಂತ ಬರ್ದಿದ್ಯಲ್ಲ, ಅದನ್ನ ಮುಟ್ಟಲಿಲ್ಲ."

ನಿಜ. ಯಾರೂ ಮುಟ್ಟಿರಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

"ಇದನ್ನ ಹಾಕಿ ಪ್ರಯೋಜನ ಇಲ್ಲ" ಎಂದರು ಡಾಕ್ಟರು. "ನಾಳೆಯೂ ರಜ, ಬೇರೆ ಎಲ್ಲೂ ಸಿಗಲ್ಲ."

"ಹಾಗಾದ್ರೆ ಹೋಗೋದೇ ಬೇಡ್ವಾ?" ಎಂದು ಕೇಳಿದೆ.

"ಹೋಗ್ಬೇಕು. ಅಲ್ಲಿಗೆ ಫೋನಿಲ್ಲ. ಕೂಡಿಹಾಕಿದ ದನಾನ ಬಿಟ್ಬಿಡಿ ಅಂತ ಹೇಳಕ್ಕಾದ್ರೂ ಒಬ್ರು ಬೇಕಲ್ಲ."

"ನಾನೇ ಹೇಳ್ತೀನಿ" ಎಂದೆ.

"ಹೊಸ ಔಷಧಿ ಸಿಗೋಷ್ಟರಲ್ಲಿ ಅವಕ್ಕೆ ರೋಗ ಬಂದ್ರೆ?" ಅತ್ತೆ ಕೇಳಿದರು. ಡಾಕ್ಟರು ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡರು.

ಅವರು ಹೋದ ಮೇಲೆ ಪಕ್ಕದ ಮನೆಯಾಕೆ ಅರಿಶಿನ ಕುಂಕುಮಕ್ಕೆ ಬಂದರು. ತಾಂಬೂಲ ತೆಗೆದುಕೊಳ್ಳುತ್ತ ಅಡುಗೆಮನೆಯತ್ತ ಇಣುಕಿದರು.

"ಫ್ರಿಜ್ಜಿಗೂ ಹಾರ ಹಾಕಿದೀರಲ್ಲ, ಎಷ್ಟು ಲಕ್ಷಣವಾಗಿದೆ. ನಮ್ಮದಕ್ಕೆ ಈ ಸಲ ಒಂದು ಬೊಟ್ಟೂ ಇಟ್ಟಿಲ್ಲ ನೋಡಿ. ಪಾಪ, ಬೆಳಗ್ಗೆಯಿಂದ ಹಾಗೇ ಗುಯ್ ಅಂತಿದೆ."