ಶಿವಾನಂದಣ್ಣನ ಕ್ವಾರ್ಟರ್‌ಬ್ಯಾಕ್

ಶಿವಾನಂದಣ್ಣ, ನಮ್ಮ ಆಫೀಸಿನ ಕ್ಯಾಂಟೀನಿಗೆ ಮನೆಯಿಂದ ಡಬ್ಬಿ ತರಬಾರದು ಎಂಬ ನಿಯಮ ಯಾವತ್ತೂ ಇರಲಿಲ್ಲ. ಅದನ್ನು ಹುಟ್ಟಿಸಿದವನು ನಾನು. ಇಲ್ಲದ ಆ ನಿಯಮಕ್ಕೆ ತಲೆಬಾಗಿ ನೀವು ವರ್ಷಗಟ್ಟಲೆ ಮೇಲಿನ ಮಹಡಿಯಲ್ಲಿ, ಕಾಫಿ ಮೆಷಿನ್ನಿನ ಪಕ್ಕ ನಿಂತುಕೊಂಡು ರೊಟ್ಟಿ ತಿಂದಿರಿ. ಕೆಳಗೆ, ಕ್ಯಾಂಟೀನಿನ ಉದ್ದನೆಯ ಮೇಜಿನಲ್ಲಿ, ನಾನು ನಿಮ್ಮ ಮಾತುಗಳನ್ನೇ ನನ್ನವೆಂದು ಹೇಳಿ ಭೇಷ್ ಅನ್ನಿಸಿಕೊಳ್ಳುತ್ತಿದ್ದೆ.

ಇಷ್ಟು ನಿಮಗೆ ತಿಳಿದೇ ಹೋಯಿತು — ಕೊನೆಯ ದಿನ ನೀವು ನನ್ನತ್ತ ನೋಡಿದ್ದು ಮರೆತಿಲ್ಲ. ನಿಮಗೆ ತಿಳಿಯದ್ದು ಇನ್ನೊಂದಿದೆ. ಅದನ್ನು ಹೇಳುವ ಮೊದಲು, ನಮ್ಮ ಕನ್ನಡ ಸಂಘದ ಈ ಸಂಚಿಕೆಯನ್ನು ಓದುವ ಉಳಿದವರಿಗೆ ನೀವು ಯಾರೆಂದು ಹೇಳಬೇಕು. ಇಲ್ಲಿ ಬಹಳ ಜನಕ್ಕೆ ನಾನು ಗೊತ್ತು. ಯುಗಾದಿ ಊಟಕ್ಕೆ ಕೂತಲ್ಲೂ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕೊರೆಯುವವನು ಎಂದೇ ಗೊತ್ತು. ಆ ಕೊರೆತದಲ್ಲಿ ಬುದ್ಧಿವಂತಿಕೆಯ ಮಾತೇನಾದರೂ ಇದ್ದರೆ ಅದು ನನ್ನದಲ್ಲ.

ಅದು ಗ್ರೀನ್ ಕಾರ್ಡಿನ ಕಾಲ. ಹೆಸರು ಅಮೆರಿಕದ್ದು, ದೇಶ ಜರ್ಮನಿ. ಕಂಪ್ಯೂಟರ್ ಬಲ್ಲವರಿಗೆ ಐದು ವರ್ಷದ ಪರವಾನಗಿ. ಕೆಲಸ ಅಲ್ಲಾಡಿದರೆ ಅದೂ ಅಲ್ಲಾಡುತ್ತಿತ್ತು. ವಾಲ್‌ಡಾರ್ಫ್ ಹತ್ತಿರದ ಒಂದು ಸಣ್ಣ ಕಂಪನಿಗೆ ನಾನು ಮೈಸೂರಿನಿಂದ ಬಂದೆ, ಇನ್ನೂ ಮದುವೆಯಾಗಿರಲಿಲ್ಲ. ನೀವು ಗದಗದವರು, ನನಗಿಂತ ಮೊದಲೇ ಬಂದವರು, ಜೊತೆಗೆ ಗಿರಿಜಕ್ಕ ಮತ್ತು ಪುಟ್ಟ ಸಹನಾ. ಇಬ್ಬರದೂ ಒಂದೇ ಟೀಮು, ಹೈಡೆಲ್‌ಬರ್ಗ್‌ನಲ್ಲಿ ಒಂದೇ ಕಟ್ಟಡ. ಬಂದ ಮೊದಲ ವಾರ ನನಗೆ ಊಟ ಹಾಕಿದವರು ನೀವು. ಕಸವನ್ನು ಯಾವ ಬಣ್ಣದ ತೊಟ್ಟಿಗೆ ಹಾಕಬೇಕು ಎಂದು ಕಲಿಸಿದವರೂ ನೀವೇ.

ನಮ್ಮ ಬೀದಿಯಾಚೆ ಅಮೆರಿಕದ ಸೈನಿಕರ ವಸತಿ ಇತ್ತು. ಶನಿವಾರ ಅವರ ಮಕ್ಕಳು ಬಯಲಿನಲ್ಲಿ ಆಡುತ್ತಿದ್ದರು — ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬಿನಂಥ ರಕ್ಷೆ, ಎರಡು ಕಡೆ ಚೂಪಾದ ಕಂದು ಚೆಂಡು. ನೀವು ಸಹನಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೇಲಿಯ ಈಚೆ ನಿಂತು ನೋಡುತ್ತಿದ್ದಿರಿ. ನನಗೆ ಅದು ಬರೀ ನೂಕುನುಗ್ಗಲಾಗಿ ಕಂಡಿತ್ತು. ಕಾಲೇಜಿನಲ್ಲಿ ಕಬಡ್ಡಿ ಆಡಿದ ನಿಮಗೆ ಅದರೊಳಗಿನ ಲೆಕ್ಕಾಚಾರ ಕಂಡಿತು. ಸೈನಿಕರ ಟಿವಿ ಚಾನೆಲ್ಲು ನಿಮ್ಮ ಮನೆಯ ಹಳೇ ಟಿವಿಯಲ್ಲಿ ಮಂಜುಮಂಜಾಗಿ ಬರುತ್ತಿತ್ತು. ನೀವು ಊಟದ ತಟ್ಟೆಯಲ್ಲಿ ಒಂದು ಕಡೆ ಶೇಂಗಾ, ಇನ್ನೊಂದು ಕಡೆ ಪುಟಾಣಿ ಜೋಡಿಸಿ, ನಡುವೆ ಒಂದು ಗೋಡಂಬಿ ಇಟ್ಟು ನನಗೆ ಆಟ ಕಲಿಸಿದಿರಿ. ಗೋಡಂಬಿಯೇ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ, ಓಡುತ್ತಿರುವ ತನ್ನವರಲ್ಲಿ ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ಪಾಠ ಮುಗಿದ ಮೇಲೆ ಎರಡೂ ಟೀಮನ್ನು ನಾವು ತಿಂದು ಮುಗಿಸುತ್ತಿದ್ದೆವು. ಗೋಡಂಬಿ ಸಹನಾಳಿಗೆ.

ಅಮೆರಿಕದ ಹೆಸರುಗಳು ಗಿರಿಜಕ್ಕನ ಬಾಯಿಗೆ ಬರುವುದಿಲ್ಲವೆಂದು ನೀವು ಇಬ್ಬರು ಹೆಸರಾಂತ ಕ್ವಾರ್ಟರ್‌ಬ್ಯಾಕ್ ಮಹಾಶಯರಿಗೆ ನಮ್ಮ ಹೆಸರಿಟ್ಟಿರಿ. ಎಷ್ಟೇ ಒತ್ತಡವಿದ್ದರೂ ಬೆವರದೆ ಆಡಿ ಮತ್ತೆ ಮತ್ತೆ ಕಪ್ ಗೆದ್ದವನು ತಣ್ಣಪ್ಪ. ಎಸೆತದ ದಾಖಲೆಯೆಲ್ಲ ಬರೆದೂ ಕಪ್ ಮುಟ್ಟದೆ ನಿವೃತ್ತನಾದವನು ತೋಳಪ್ಪ. ಇಬ್ಬರಲ್ಲಿ ಯಾರು ದೊಡ್ಡವನು? ನಮ್ಮ ಟೀಮ್ ಲೀಡ್ ಯೋಖೆನ್‌ಗೂ ಇದೇ ಹುಚ್ಚು. ಹರೆಯದಲ್ಲಿ ಊರಿನ ಕ್ಲಬ್ಬಿನಲ್ಲಿ ಆಡಿದ್ದ ಆಸಾಮಿ, ಕ್ಯಾಂಟೀನಿನಲ್ಲಿ ದಿನಾ ತಣ್ಣಪ್ಪನ ಪರ ವಕಾಲತ್ತು ಮಾಡುತ್ತಿದ್ದ. ಬೇರೆಯವರು ತೋಳಪ್ಪನ ಪರ. ನಾನು ಮೂಲೆಯಲ್ಲಿ ಆಲೂಗಡ್ಡೆ ಕೆದಕುತ್ತ ಕೂತಿರುತ್ತಿದ್ದೆ. ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಒಂದು ಸಂಜೆ ನಿಮ್ಮನ್ನು ಕೇಳಿದೆ. ನೀವು ಶೇಂಗಾ ಸರಿಸುತ್ತ ಹೇಳಿದಿರಿ:

"ತಮ್ಮಾ, ಒಗೆಯೋ ಕೈ ನೋಡಬ್ಯಾಡ. ಚೆಂಡು ಕೈ ಬಿಟ್ಟಾಗ ಹಿಡಿಯಾಂವ ಅಲ್ಲಿ ಇರಂಗೇ ಇಲ್ಲ. ಬರತಾನ ಅಂತ ನಂಬಿ ಬಿಡಬೇಕು. ಯಾರ ನಂಬಿಕಿ ದೊಡ್ಡದೋ, ಅಂವನ ದೊಡ್ಡಾಂವ."

ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಯೋಖೆನ್ ಫೋರ್ಕ್ ಕೆಳಗಿಟ್ಟು, ಇನ್ನೊಮ್ಮೆ ಹೇಳು ಎಂದ. ಅಂದಿನಿಂದ ನನಗೆ ಅವನ ಪಕ್ಕದ ಕುರ್ಚಿ, ಪ್ರೊಫೆಸರ್ ಎಂಬ ಬಿರುದು. 'ನನ್ನ ಸ್ನೇಹಿತರು ಹೇಳಿದ್ದು' ಎಂದು ಸೇರಿಸಿದ್ದರೆ ನನಗೇನೂ ಕಡಿಮೆಯಾಗುತ್ತಿರಲಿಲ್ಲ. ಸೇರಿಸಲಿಲ್ಲ. ಮೊದಲ ದಿನ ಸೇರಿಸದವನು ಎರಡನೆಯ ದಿನ ಹೇಗೆ — ಹೀಗೆ ಸಂಜೆ ನಿಮ್ಮಲ್ಲಿ ಕಲಿಯುವುದು, ಮಧ್ಯಾಹ್ನ ಅಲ್ಲಿ ಒಪ್ಪಿಸುವುದು ನನ್ನ ಅಭ್ಯಾಸವಾಯಿತು.

ನೀವು ಕ್ಯಾಂಟೀನಿಗೆ ಬರುತ್ತಿರಲಿಲ್ಲ. ಬಂದ ಹೊಸತರಲ್ಲಿ ಬೀನ್ಸ್ ಸೂಪಿನಲ್ಲಿ ಹಂದಿಮಾಂಸದ ಚೂರು ಸಿಕ್ಕಿ, ಅಂದಿನಿಂದ ಗಿರಿಜಕ್ಕನ ರೊಟ್ಟಿ-ಪಲ್ಯದ ಡಬ್ಬಿಯೇ ಗತಿಯಾಗಿತ್ತು. ಆದರೂ ನಿಮಗೆ ಜನ ಬೇಕು, ಮಾತು ಬೇಕು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ನೀವು, ನಾಳೆಯಿಂದ ಡಬ್ಬಿ ತೆಗೆದುಕೊಂಡು ತಾವೂ ಕೆಳಗೆ ಬರಬಹುದೇ ಎಂದು ಕೇಳಿದಿರಿ. ನೀವು ಆ ಮೇಜಿಗೆ ಬಂದು ಬಾಯಿ ತೆರೆದರೆ ಸಾಕು, ಪ್ರೊಫೆಸರನ ಬಂಡವಾಳ ಬಯಲು.

"ಹೊರಗಿನ ಊಟ ಕ್ಯಾಂಟೀನಿಗೆ ತರೋ ಹಾಗಿಲ್ಲ ಅಣ್ಣಾ. ರೂಲ್ಸ್ ಇದೆ," ಎಂದೆ.

ನೀವು ನಂಬಿದಿರಿ. ಆ ದಿನಗಳಲ್ಲಿ ನಮ್ಮವರು ಯಾರೇ ಆದರೂ ನಂಬುತ್ತಿದ್ದರು — ಭಾನುವಾರ ಗೋಡೆಗೆ ಮೊಳೆ ಹೊಡೆಯಬಾರದು, ಮಧ್ಯಾಹ್ನ ಗಾಜಿನ ಬಾಟಲಿ ತೊಟ್ಟಿಗೆ ಹಾಕಬಾರದು ಎನ್ನುವ ದೇಶದಲ್ಲಿ ಡಬ್ಬಿಗೆ ಒಂದು ನಿಯಮ ಇರುವುದು ಯಾವ ಲೆಕ್ಕ? ಬಾಲ್ಕನಿಯಲ್ಲಿ ಭಾನುವಾರ ಬಟ್ಟೆ ಒಣಹಾಕಿ ನೀವು ಪಕ್ಕದ ಮನೆಯಾಕೆಯಿಂದ ಬೈಸಿಕೊಂಡದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಸುಳ್ಳನ್ನು ಆರಿಸಿಕೊಂಡೆ. ನೀವು, ಕೇಳಿದ್ದು ಛಲೋ ಆಯಿತು, ಇಲ್ಲದಿದ್ದರೆ ಮರ್ಯಾದೆ ಹೋಗುತ್ತಿತ್ತು ಎಂದು ನನ್ನ ಉಪಕಾರವನ್ನೇ ಸ್ಮರಿಸಿದಿರಿ.

ಈಗ ನಿಮಗೆ ತಿಳಿಯದ್ದು. ಬೇಸಿಗೆಯಲ್ಲಿ ಯೋಖೆನ್ ಟೀಮಿನವರನ್ನೆಲ್ಲ ಭಾನುವಾರ ತನ್ನ ಮನೆಯ ತೋಟಕ್ಕೆ ಕರೆದ. ಹಳೆಯ ಆಟಗಳ ಕ್ಯಾಸೆಟ್ ಹಾಕುತ್ತೇನೆ, ತಣ್ಣಪ್ಪನೋ ತೋಳಪ್ಪನೋ ತೀರ್ಮಾನವಾಗಿಬಿಡಲಿ ಎಂದ. ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ — ಶಿವಾನಂದ್ ಊಟಕ್ಕೂ ಬರುವುದಿಲ್ಲ, ಕರೆದರೆ ತಪ್ಪು ತಿಳಿಯುತ್ತಾರಾ? ಪಾಪ, ಅವನಿಗೆ ನಮ್ಮ ರೀತಿನೀತಿ ಗೊತ್ತಿರಲಿಲ್ಲ, ನನ್ನನ್ನು ಕೇಳಿ ತಿಳಿದುಕೊಳ್ಳಲು ಬಂದಿದ್ದ.

"ಅವರಿಗೆ ಒಬ್ಬರೇ ಇರೋದು ಇಷ್ಟ," ಎಂದೆ.

ಇಂಗ್ಲಿಷಿನಲ್ಲಿ ನಾಲ್ಕೈದು ಪದ, ಅಷ್ಟೆ. ಯೋಖೆನ್ ಗೌರವದಿಂದ ತಲೆದೂಗಿದ. ನಿಮ್ಮನ್ನು ಕರೆಯಲಿಲ್ಲ. ಆ ಭಾನುವಾರ ನಾನು ಅವನ ತೋಟದಲ್ಲಿ ಕೂತು ನಿಮ್ಮ ವಾದ ಮಂಡಿಸುತ್ತಿದ್ದಾಗ, ನೀವು ಎಲ್ಲಿದ್ದಿರೆಂದು ನನಗೆ ಗೊತ್ತು. ಸಹನಾ ಹೇಳಿದಳು — ಬೇಲಿಯ ಹತ್ತಿರ ಹೋಗಿದ್ದಿರಂತೆ, ಅಂದು ಅಲ್ಲಿ ಯಾರೂ ಆಡುತ್ತಿರಲಿಲ್ಲವಂತೆ.

ಆಮೇಲೆ ಕೆಟ್ಟ ಕಾಲ ಬಂತು. ಪ್ರಾಜೆಕ್ಟು ಅರ್ಧಕ್ಕಿಳಿಯಿತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಜಾಗ. ಯೋಖೆನ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಕೋಡ್ ಬರೆಯುವುದರಲ್ಲಿ ಶಿವಾನಂದ್ ಅವರೇ ಒಂದು ಕೈ ಮೇಲು, ನಿಜ ಎಂದ. ಆದರೆ ಹೊಸ ಟೀಮು ಗ್ರಾಹಕರ ಜೊತೆ ಕೂತು ಕೆಲಸ ಮಾಡಬೇಕು, ಜನರ ಜೊತೆ ಬೆರೆಯುವವರು ಬೇಕು. ಅವರಿಗೆ ಒಬ್ಬರೇ ಇರುವುದು ಇಷ್ಟ ಎಂದು ನೀನೇ ಹೇಳಿದ್ದೆಯಲ್ಲ ಎಂದ. ಹೇಳಿ ನನ್ನ ಮುಖ ನೋಡಿದ. ಅವನು ಕಾಯುತ್ತಿದ್ದ, ಶಿವಾನಂದಣ್ಣ. ನಾನು ಅಲ್ಲ ಎನ್ನಲಿ ಎಂದೇ ಕಾಯುತ್ತಿದ್ದನೋ ಏನೋ — ನಾಲಿಗೆ ಹೊರಳಲಿಲ್ಲ. ಕೆಲಸ ಹೋದರೆ ನನ್ನ ಪರವಾನಗಿಯೂ ಹೋಗುತ್ತಿತ್ತು ಎಂಬುದು ಆಗ ತಲೆಯಲ್ಲಿತ್ತು. ಇದನ್ನು ನೆಪವೆಂದು ಬರೆಯುತ್ತಿಲ್ಲ. ನಿಮಗೆ ಹೆಂಡತಿ, ಮಗು ಇದ್ದಾರೆ ಎಂಬುದೂ ಅದೇ ತಲೆಯಲ್ಲಿತ್ತು.

ನಿಮ್ಮ ಕೊನೆಯ ದಿನ ಯೋಖೆನ್ ನಿಮ್ಮನ್ನು ಬಲವಂತ ಮಾಡಿ ಕ್ಯಾಂಟೀನಿಗೆ ಕರೆತಂದ. ನೀವು ಡಬ್ಬಿಯನ್ನು ಚೀಲದಲ್ಲೇ ಮುಚ್ಚಿಟ್ಟುಕೊಂಡು ಬರೀ ನೀರು ಕುಡಿಯುತ್ತ ಕೂತಿರಿ. ಸೌಜನ್ಯಕ್ಕೆ ಯೋಖೆನ್ ನಮ್ಮ ಎಂದಿನ ವಾದದ ಕಥೆ ಹೇಳಿದ. ನಿಮ್ಮ ಸ್ನೇಹಿತ ದೊಡ್ಡ ತತ್ವಜ್ಞಾನಿ, ಚೆಂಡು ಬಿಟ್ಟಾಗ ಹಿಡಿಯುವವನು ಅಲ್ಲಿ ಇರುವುದೇ ಇಲ್ಲ ಅನ್ನುತ್ತಾನೆ, ಎಲ್ಲ ನಂಬಿಕೆಯ ಮೇಲೆ ನಿಂತಿದೆ ಅನ್ನುತ್ತಾನೆ ಎಂದು ನನ್ನ ಬೆನ್ನು ತಟ್ಟಿದ. ಹಾಗೆ ಹೇಳುತ್ತಲೇ ಅವನು ತನ್ನ ಚೀಲದಿಂದ ಮನೆಯ ಡಬ್ಬಿ ತೆಗೆದ. ಅಂದು ಅವನ ಹೆಂಡತಿ ಬ್ರೆಡ್ಡು ಕಟ್ಟಿ ಕಳಿಸಿದ್ದಳು. ಮುಚ್ಚಳ ತೆರೆದು, ಎಲ್ಲರ ಎದುರು ತಿನ್ನತೊಡಗಿದ.

ನೀವು ಆ ಡಬ್ಬಿ ನೋಡಿದಿರಿ. ಆಮೇಲೆ ನನ್ನನ್ನು ನೋಡಿದಿರಿ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ನೀವು ಬಗ್ಗಿ ಚೀಲದಿಂದ ನಿಮ್ಮ ಡಬ್ಬಿ ತೆಗೆದಿರಿ. ರೊಟ್ಟಿ ಮುರಿದು, ಅರ್ಧವನ್ನು, ಮನೆಯಲ್ಲಿ ಹಾಕುತ್ತಿದ್ದಂತೆಯೇ, ನನ್ನ ತಟ್ಟೆಗೆ ಹಾಕಿದಿರಿ. "ತಿನ್ನಪಾ ತಮ್ಮಾ," ಎಂದಿರಿ. ಇಬ್ಬರಲ್ಲಿ ಯಾರು ದೊಡ್ಡವನೆಂದು ನಿಮಗನ್ನಿಸುತ್ತದೆ ಎಂದು ಯೋಖೆನ್ ಕೇಳಿದ. ಒಂದು ಮಾತು ಸಾಕಿತ್ತು ನನ್ನನ್ನು ಬಯಲಿಗೆಳೆಯಲು. ನೀವು ನಗುತ್ತ, ಇವನನ್ನೇ ಕೇಳಿ, ಇವನಿಗೆ ಎಲ್ಲ ಗೊತ್ತು ಎಂದಿರಿ. ನಾನು ಆ ರೊಟ್ಟಿ ತಿಂದೆ.

ಸಹನಾ ಅದೇ ಶರತ್ಕಾಲದಲ್ಲಿ ಒಂದನೇ ಕ್ಲಾಸಿಗೆ ಹೋಗಬೇಕಿತ್ತು. ಇಲ್ಲಿ ಶಾಲೆಯ ಮೊದಲ ದಿನ ಮಕ್ಕಳ ಕೈಗೆ ಸಿಹಿ ತುಂಬಿದ ದೊಡ್ಡ ಕಾಗದದ ಪೊಟ್ಟಣ ಕೊಡುತ್ತಾರಲ್ಲ, ಕಿಂಡರ್‌ಗಾರ್ಟನ್ನಿನಲ್ಲಿ ಅವಳು ತನ್ನದನ್ನು ಆಗಲೇ ಅಂಟಿಸಿ, ಬಣ್ಣ ಹಚ್ಚಿ ಇಟ್ಟುಕೊಂಡಿದ್ದಳು. ನೀವು ಊರಿಗೆ ಹೊರಟಾಗ ಬೇರೇನನ್ನೂ ಹಿಡಿಯದೆ ಆ ಖಾಲಿ ಪೊಟ್ಟಣವನ್ನೇ ಎದೆಗವಚಿಕೊಂಡು ಟ್ಯಾಕ್ಸಿ ಹತ್ತಿದಳು. ಗಿರಿಜಕ್ಕ ನನ್ನ ಕೈಗೆ ಉಪ್ಪಿನಕಾಯಿಯ ಭರಣಿ ಕೊಟ್ಟರು. ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಹೇಳಿ ಹೋದರು.

ನೀವು ಹೋದ ಮೇಲೆ ನಾನು ಇಲ್ಲಿಯೇ ಬೇರು ಬಿಟ್ಟೆ. ಮದುವೆ, ಮನೆ, ಮಗ. ಒಮ್ಮೆಯೂ ನಿಮಗೆ ಫೋನ್ ಮಾಡಲಿಲ್ಲ. ನೀವು ಹುಬ್ಬಳ್ಳಿಯಲ್ಲಿದ್ದೀರಿ ಎಂದು ಯಾರೋ ಹೇಳಿದರು, ಹೌದಾ ಎಂದು ಮಾತು ಬದಲಿಸಿದೆ. ನಿವೃತ್ತನಾದ ಯೋಖೆನ್‌ಗೆ ಕಳೆದ ತಿಂಗಳು ಎಲ್ಲವನ್ನೂ ಹೇಳಿದೆ. ಅವನು, ಆ ಮನುಷ್ಯನ ಜೊತೆ ಕೂತು ಒಂದು ಆಟ ನೋಡಬಹುದಿತ್ತಲ್ಲ ಎಂದ.

ಅವನಿಗೆ ಹೇಳಲು ಧೈರ್ಯ ಬಂದದ್ದು ನನ್ನ ಮಗನಿಂದ. ನಚಿಕೇತ ಈಗ ಹೈಸ್ಕೂಲು, ಇಲ್ಲಿನ ಕ್ಲಬ್ಬಿನಲ್ಲಿ ಅದೇ ಆಟ ಆಡುತ್ತಾನೆ. ಒಂದು ಸಂಜೆ ಅವನ ಗೆಳೆಯರು ಮನೆಗೆ ಬಂದಿದ್ದರು. ನಾನು ಅವರಿಗೆಂದು ಬಜ್ಜಿ ಕರಿಯುತ್ತಿದ್ದೆ. ಕೋಣೆಯಲ್ಲಿ ಅದೇ ಜಗಳ, ಎಲ್ಲರಿಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಯಾರು? ತಣ್ಣಪ್ಪ, ತೋಳಪ್ಪ ಇಬ್ಬರೂ ಹಳಬರಾಗಿದ್ದಾರೆ, ಈಗ ಬೇರೆ ಹೆಸರುಗಳು. ನನ್ನ ಮಗ ಹೆಮ್ಮೆಯಿಂದ ಜರ್ಮನ್‌ನಲ್ಲಿ ಹೇಳುತ್ತಿದ್ದ — ಇದು ನನ್ನ ಅಪ್ಪನ ಸಿದ್ಧಾಂತ, ಯಾರ ನಂಬಿಕೆ ದೊಡ್ಡದೋ ಅವನೇ ದೊಡ್ಡವನು.

ಒಲೆ ಆರಿಸಿ ಒಳಗೆ ಹೋದೆ. ಅದು ನನ್ನದಲ್ಲ, ಗದಗದ ಶಿವಾನಂದ್ ಎಂಬವರದು, ನಾನು ಕದ್ದದ್ದು ಎಂದು ಆ ಮಕ್ಕಳೆದುರೇ ಹೇಳಿದೆ. ಅವರು ನಾನಿದ್ದ ಕಟ್ಟಡದಲ್ಲೇ ಇದ್ದರು, ನನಗೆ ಅನ್ನ ಹಾಕಿದವರು ಎಂದೂ ಹೇಳಿದೆ. ನಚಿಕೇತ ನನ್ನನ್ನೇ ದಿಟ್ಟಿಸಿ ನೋಡಿದ. ಹಾಗಾದರೆ ಅವರು ಇಲ್ಲಿಂದ ಯಾಕೆ ಹೋದರು ಎಂದು ಕೇಳಿದ.

ಕಾಲ ಕೆಟ್ಟಿತ್ತು ಎನ್ನಬಹುದಿತ್ತು. ಪ್ರಾಜೆಕ್ಟು ನಿಂತಿತು ಎನ್ನಬಹುದಿತ್ತು. ಇಷ್ಟು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೆ.

"ನನ್ನಿಂದ," ಎಂದೆ.