ನಕ್ಷೆಯಲ್ಲಿಲ್ಲದ ಒರತೆ

ನನ್ನ ತಂಗಿ ಅಮೃತಾಳಿಗೆ ಬಂಡೆ ಸೀಳುವುದೇ ಉದ್ಯೋಗ, ಅದೂ ಕಂಪ್ಯೂಟರಿನಲ್ಲಿ. ಕೊಳವೆಬಾವಿಯೊಳಗೆ ಜೋರಾಗಿ ನೀರು ಒತ್ತಿದರೆ ತಳದ ಬಂಡೆ ಎಲ್ಲಿ ಸೀಳುತ್ತದೆ, ಆ ಸೀಳು ಎತ್ತ ಬೆಳೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುತ್ತಾಳೆ. ಬಂಡೆಯನ್ನು ಸಾವಿರಾರು ಚೌಕಗಳಾಗಿ ಬಿಡಿಸಿ, ಒಂದೊಂದರ ಮೇಲೂ ಎಷ್ಟು ಒತ್ತಡವಿದೆ ಎಂದು ನೋಡುತ್ತ ಸೀಳನ್ನು ಮುಂದೆ ನಡೆಸುವುದಂತೆ. ನಮ್ಮೂರು ಪೊನ್ಕುಳಿಯ ಮನೆಯ ಜಗಲಿಯಲ್ಲಿ ಕೂತು ಅವಳು ಇದನ್ನು ವಿವರಿಸುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ವಿದ್ಯೆಯನ್ನು ಅವಳು ಒಯ್ದು ಕೊಟ್ಟದ್ದು ನೂಲ್ಪುಳದ ಒಂದು ರೆಸಾರ್ಟಿಗೆ. ಅವರ ಬತ್ತಿದ ಬೋರಿನಲ್ಲಿ ನೀರು ಬರಬೇಕು, ಈಜುಕೊಳ ತುಂಬಬೇಕು.

ರೆಸಾರ್ಟಿನ ಬೇಲಿಯಾಚೆ ಚಿಕ್ಕಿಯ ಹಾಡಿ, ಆದಿವಾಸಿಗಳ ಪುಟ್ಟ ಕೇರಿ. ಚಿಕ್ಕಿ ನಮ್ಮ ಗದ್ದೆಯಲ್ಲಿ ನಾಟಿ ಮಾಡಿದ ಮುದುಕಿ, ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು. ಹಾಡಿಯ ಹನ್ನೊಂದು ಮನೆಗಳು ಕುಡಿಯುವುದು ಒಂದೇ ಕೇಣಿಯ ನೀರು. ಕೇಣಿ ಎಂದರೆ ಬೈನೆ ಮರದ ಬುಡವನ್ನು ಟೊಳ್ಳು ಮಾಡಿ ಒರತೆಯ ಮೇಲೆ ಇಳಿಸಿದ ಪುಟ್ಟ ಬಾವಿ. ಅದು ಎಲ್ಲಿದೆ ಎಂದು ಆ ಹಾಡಿಯವರು ಹೊರಗಿನವರಿಗೆ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಚಿಕ್ಕಿ ಅಮೃತಾಳೊಬ್ಬಳಿಗೇ ತೋರಿಸಿ, ಬಾಯಿ ಬಿಡಬೇಡ ಎಂದಿದ್ದಳು. ನಾನಾಗಿದ್ದರೆ ಸಂಜೆಯೊಳಗೆ ಊರಿಗೆಲ್ಲ ಹಂಚುತ್ತಿದ್ದೆ. ಅಮೃತಾಳ ಹೊಟ್ಟೆಯೊಳಗೆ ಹೋದ ಮಾತು ಅಲ್ಲೇ ಉಳಿಯುತ್ತದೆ, ತೊಂದರೆ ಬಂದದ್ದೇ ಅದರಿಂದ.

ಲೆಕ್ಕಕ್ಕಾಗಿ ಸುತ್ತಲಿನ ಬಾವಿ, ಒರತೆಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದವಳು ಕೇಣಿಯನ್ನು ಮಾತ್ರ ಬಿಟ್ಟಳು. ಅದನ್ನು ಬಿಟ್ಟ ಮೇಲೆ ಅದಕ್ಕೆ ನೀರುಣಿಸುವ ಹಳೆಯ ಬಿರುಕನ್ನೂ ಬಿಡಬೇಕಾಯಿತು. ಹೀಗಾಗಿ ಅವಳ ಕಂಪ್ಯೂಟರಿನ ಬಂಡೆಯಲ್ಲಿ ಬಿರುಕೇ ಇರಲಿಲ್ಲ, ಸೀಳು ನಲವತ್ತು ಮೀಟರಿಗೆ ನಿಂತಿತು. ನೆಲದಡಿಯ ನಿಜವಾದ ಸೀಳು ಮಾತ್ರ ಹಳೆಯ ಬಿರುಕಿಗೆ ಕೂಡಿಕೊಂಡು ಓಡಿತು. ನೀರು ಒತ್ತಿದ ಮಾರನೆಯ ದಿನ ಕೇಣಿಯ ನೀರು ಸುಣ್ಣ ಕಲಸಿದಂತೆ ಬೆಳ್ಳಗಾಯಿತು, ಒಂದು ಮೊಳ ಇಳಿದಿತ್ತು.

"ಗುಟ್ಟು ಕಾಪಾಡ್ತಿದ್ದೀನಿ ಅಂದ್ಕೊಂಡೆ ಅಕ್ಕ," ಎಂದಳು ಅಮೃತಾ. ಇಂಥ ದಡ್ಡಿ ಇನ್ನೊಬ್ಬಳಿಲ್ಲ ಎಂದು ಬೈದೆ. ಇಡೀ ದಿನ ಬೈದೆ.

ಬಿರುಕನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದಳು. ಸೋಮವಾರ ಇನ್ನೂ ಹೆಚ್ಚಿನ ಒತ್ತಡದಲ್ಲಿ ಎರಡನೆಯ ಸಲ ಒತ್ತುವವರಿದ್ದರು. ಒತ್ತಿದರೆ ಕೇಣಿಯ ನೀರೆಲ್ಲ ಬೋರಿಗೆ ಬಸಿದು ಹೋಗುತ್ತದೆ. ನಿಲ್ಲಿಸಿ ಎಂದು ಕೇಳಲು ಹೋದರೆ ರೆಸಾರ್ಟಿನ ಮ್ಯಾನೇಜರ್ ಭಾಸ್ಕರನ್ ಕುರ್ಚಿಯಿಂದ ಏಳಲೂ ಇಲ್ಲ.

"ಬಿರುಕು ಇಲ್ಲ ಅಂತ ನೀವೇ ಬರೆದು ಕೊಟ್ಟದ್ದಲ್ಲವಾ ಮೇಡಂ? ಒರತೆ ಉಂಟಾದ್ರೆ ತೋರಿಸಿ. ಇಲ್ಲಾಂದ್ರೆ ಸೋಮವಾರ ಕೆಲಸ ನಡೀತದೆ."

ಕೇಣಿ ತೋರಿಸಲು ಒಪ್ಪಿಗೆ ಕೇಳಿಕೊಂಡು ಹಾಡಿಗೆ ಹೋದೆವು. ಚಿಕ್ಕಿ ಅಂಗಳಕ್ಕೂ ಕರೆಯಲಿಲ್ಲ.

"ತೋರಿಸ್ಬೇಡ," ಎಂದಳು.

"ತೋರಿಸ್ದಿದ್ರೆ ನೀರೇ ಹೋಗ್ತದೆ ಅಜ್ಜಿ," ಎಂದಳು ಅಮೃತಾ.

"ಹೋಗೋ ಹಂಗೆ ಮಾಡಿದ್ದು ನೀನು. ಇನ್ನು ಅದ್ರ ಮಾನಾನೂ ತೆಗೀಬೇಡ. ನಡಿ."

ಅಮೃತಾ ಆ ಮಾತು ಕೇಳಲಿಲ್ಲ. ಭಾನುವಾರ ಭಾಸ್ಕರನ್‌ನನ್ನೂ ಸರ್ಕಾರಿ ಭೂವಿಜ್ಞಾನಿಯೊಬ್ಬರನ್ನೂ ಕರೆದುಕೊಂಡು ತಾನೇ ಮುಂದೆ ನಡೆದಳು, ನಾನೂ ಹಿಂದೆ ಹೋದೆ. ಹಾಡಿಯವರು ಬರಿಗಾಲಲ್ಲೇ ಹೋಗುವ ಜಾಗಕ್ಕೆ ಅವರು ಬೂಟು ಹಾಕಿಕೊಂಡೇ ಬಂದರು, ಬೆಳ್ಳನೆಯ ನೀರನ್ನು ಬಾಟಲಿಗೆ ತುಂಬಿದರು, ಫೋಟೋ ಹೊಡೆದರು. ಹಾಡಿಯ ಹೆಂಗಸರು ದೂರ ನಿಂತು ನೋಡಿದರು. ಒಬ್ಬಳು ನಮ್ಮತ್ತ ಉಗಿದಳು. ನನಗೆ ಅವರೆಲ್ಲರ ಮೇಲೂ ಕೋಪ ಬಂತು, ತಂಗಿಯ ಮೇಲೆ ಇನ್ನೂ ಹೆಚ್ಚು.

ಸೋಮವಾರ ಪಂಪು ಸದ್ದು ಮಾಡಲಿಲ್ಲ. ಕೆಲಸ ನಿಲ್ಲಿಸಿ ಎಂದು ಸರ್ಕಾರದ ಕಾಗದ ಬಂದಿತ್ತು.

ತಿಂಗಳು ಕಳೆದು ಇಬ್ಬರೂ ಮತ್ತೆ ಹಾಡಿಗೆ ಹೋದೆವು. ಚಿಕ್ಕಿ ತುಂಬಿದ ಕೊಡ ಹೊತ್ತು ಬರುತ್ತಿದ್ದಳು.

"ನೀರು ತಿಳಿ ಆಯ್ತಾ ಅಜ್ಜಿ?"

"ಆಯ್ತು. ನಿನ್ನ ಲೆಕ್ಕ ಸರಿ ಇತ್ತು." ಚಿಕ್ಕಿ ನಿಲ್ಲಲಿಲ್ಲ. "ವಾರಕ್ಕೊಮ್ಮೆ ರೆಸಾರ್ಟಿನ ಜೀಪಲ್ಲಿ ಜನ ಬರ್ತಾರೆ, ಕೇಣಿ ನೋಡೋಕೆ. ಕೈ ಹಾಕಿ ಕಲಕ್ತಾರೆ. ನಾವು ಕಾದು ನಿಂತು, ಅವ್ರು ಹೋದ್ಮೇಲೆ ತುಂಬ್ಕೋತೀವಿ."